ಹತ್ತು ಸೆಕೆಂಡಿಗೂ ಕಡಿಮೆಯ ಕರೆಗಳು

ನಮ್ಮ ಕಚೇರಿಯ ಟೆಲಿಫೋನ್ ಆಪರೇಟರನ್ನು ದಾವಣಗೆರೆಯಿಂದ ಹರಿಹರದ ಗೋದಾಮಿಗೆ ವರ್ಗಾಯಿಸಿದ ಆದೇಶವನ್ನು ಟೈಪು ಮಾಡಿದವನು ನಾನು. ಆ ಆದೇಶಕ್ಕೆ ಆಧಾರವಾದ ವರದಿಯನ್ನು ಸಿದ್ಧಪಡಿಸಿದವನೂ ನಾನೇ. ವರದಿಯಲ್ಲಿ ಒಂದು ಅಂಕಿಯೂ ಸುಳ್ಳಾಗಿರಲಿಲ್ಲ. ಸುಳ್ಳು ಬರೆದಿದ್ದರೆ ಪಶ್ಚಾತ್ತಾಪ ಪಡುವುದು ಸುಲಭವಾಗುತ್ತಿತ್ತು; ಇಗೋ ಇಲ್ಲಿ ತಪ್ಪಿದೆ ಎಂದು ಬೆರಳಿಟ್ಟು ತೋರಿಸಬಹುದಾಗಿತ್ತು. ನಾನು ಎಲ್ಲವನ್ನೂ ಕ್ರಮವಾಗಿ, ಅಚ್ಚುಕಟ್ಟಾಗಿ ಮಾಡಿದ್ದೆ.

ಅದಕ್ಕೆ ಮುಂಚೆ ಹದಿನೇಳು ವರ್ಷ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿದ್ದೆ. ವಿಭಕ್ತಿ ತಪ್ಪಿದ ವಾಕ್ಯವನ್ನು ಕಂಡರೆ ನನಗೆ ಊಟ ಸೇರುತ್ತಿರಲಿಲ್ಲ. ಮಕ್ಕಳು ಬೆನ್ನ ಹಿಂದೆ ನನ್ನನ್ನು ‘ಕೆಂಪು ಶಾಯಿ’ ಎನ್ನುತ್ತಿದ್ದುದು ಗೊತ್ತಿತ್ತು. ಅದನ್ನು ಬಿರುದೆಂದೇ ಇಟ್ಟುಕೊಂಡಿದ್ದೆ. ಕನ್ನಡ ಮಾಧ್ಯಮದ ತರಗತಿಗಳು ಒಂದೊಂದಾಗಿ ಮುಚ್ಚಿದಾಗ ಶಾಲೆ ಬಿಟ್ಟು, ನೀರೆತ್ತುವ ಮೋಟಾರುಗಳನ್ನು ಮಾರುವ ಸಂಸ್ಥೆಯೊಂದರಲ್ಲಿ ಕಚೇರಿ ವ್ಯವಸ್ಥಾಪಕನಾಗಿ ಸೇರಿದೆ. ದಾವಣಗೆರೆಯಲ್ಲಿ ಮಾರಾಟದ ಕಚೇರಿ, ಹರಿಹರದಲ್ಲಿ ದುರಸ್ತಿಯ ವರ್ಕ್‌ಶಾಪು ಮತ್ತು ಗೋದಾಮು. ಹೊಳೆದಂಡೆಯ ಹಳ್ಳಿಗಳಲ್ಲಿ ಮೋಟಾರು ಸುಟ್ಟಾಗ ರೈತರು ಮೊದಲು ಫೋನು ಮಾಡುವುದು ನಮ್ಮ ಕಚೇರಿಗೆ. ಮಾಲೀಕರನ್ನು ಎಲ್ಲರೂ ಸಾವ್ಕಾರ್ರು ಎನ್ನುತ್ತಿದ್ದರು. ನಾನು ಮಾತ್ರ ಆಗ ‘ಸಾಹುಕಾರರು’ ಎನ್ನುತ್ತಿದ್ದೆ.

ಆ ಫೋನುಗಳನ್ನೆಲ್ಲ ಎತ್ತುತ್ತಿದ್ದವರು ಬಾಗಿಲ ಪಕ್ಕದ ಮೇಜಿನಲ್ಲಿ ಕೂರುತ್ತಿದ್ದ ಆಪರೇಟರ್. ನನಗಿಂತ ನಾಲ್ಕೈದು ವರ್ಷ ದೊಡ್ಡವರು. ಗಿರಾಕಿಗಳಿಗೆಲ್ಲ ಅವರು ‘ಅಕ್ಕ’. ಚಿಕ್ಕಂದಿನಲ್ಲಿ ಪೋಲಿಯೊ ಬಂದು ಎಡಗಾಲು ಸೊರಗಿತ್ತು. ಮೊಣಕಾಲನ್ನು ಅಂಗೈಯಿಂದ ಒತ್ತಿ ಒತ್ತಿ ನಡೆಯುತ್ತಿದ್ದರು. ಮನೆ ಸರಸ್ವತಿ ನಗರದಲ್ಲಿ. ಅಲ್ಲಿಂದ ಗೊತ್ತಿದ್ದ ಆಟೋದವರೊಬ್ಬರು ದಿನಾ ಕಚೇರಿಯ ಬಾಗಿಲಿಗೇ ತಂದು ಇಳಿಸುತ್ತಿದ್ದರು. ಆ ಮನೆ, ಆ ಆಟೋ, ಈ ಬಾಗಿಲು, ಈ ಕುರ್ಚಿ ಇಷ್ಟು ಹೊಂದಿಕೊಂಡಿದ್ದರಿಂದ ಅವರ ಬದುಕು ಇಪ್ಪತ್ತಕ್ಕೂ ಹೆಚ್ಚು ವರ್ಷ ಸಲೀಸಾಗಿ ನಡೆದಿತ್ತು.

ಹಳೆಯ ಟೆಲಿಫೋನ್ ಪೆಟ್ಟಿಗೆ ಕೆಟ್ಟು ಅದರ ಬಿಡಿಭಾಗಗಳು ಸಿಗದಂತಾದಾಗ, ಇಂಟರ್ನೆಟ್ ಮೇಲೆ ನಡೆಯುವ ಫೋನುಗಳನ್ನು ಹಾಕಿಸೋಣವೆಂದು ಸಾವ್ಕಾರ್ರು ನಿರ್ಧರಿಸಿದರು. ಮೇಜುಮೇಜಿಗೆ ಹೊಸ ಫೋನು. ಎಲ್ಲವೂ ಕಂಪ್ಯೂಟರಿನ ತಂತಿಯಲ್ಲೇ ನಡೆಯುತ್ತವೆ. ಯಾವ ಕರೆ ಯಾರ ಮೇಜಿಗೆ ಹೋಗಬೇಕೆಂದು ತೀರ್ಮಾನಿಸುವುದು ಒಂದು ಸರ್ವರ್. ಆ ಸರ್ವರನ್ನು ಅಣಿಗೊಳಿಸುವ ಕೆಲಸ ನನ್ನ ಪಾಲಿಗೆ ಬಂತು. ಹುಬ್ಬಳ್ಳಿಯಿಂದ ಬಂದ ತಂತ್ರಜ್ಞರು ಎರಡು ದಿನವಿದ್ದು ತೋರಿಸಿಕೊಟ್ಟರು. ಮಿಕ್ಕಿದ್ದನ್ನು ನಾನು ಓದಿ, ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಒಂದೊಂದಾಗಿ ಮಾಡಿ ಕಲಿತೆ.

ತಂತಿ ಎಳೆಯುತ್ತಿದ್ದ ದಿನ ಅಕ್ಕ ನನ್ನನ್ನು ತಮ್ಮ ಮೇಜಿಗೆ ಕರೆದರು.

“ಮೇಷ್ಟ್ರೇ, ಒಂದ್ ಮಾತು ಕೇಳ್ತೀನಿ, ಸಿಟ್ಟಾಗ್ಬ್ಯಾಡ್ರಿ. ಇದು ಬಂದ್ ಮ್ಯಾಲೆ ನನ್ನ ಹರಿಹರಕ್ಕೆ ಹಾಕ್ತಾರಂತೆ. ನಿಜಾನಾ?”

“ಯಾರು ಹೇಳಿದರು?”

“ಯಾರ್ ಹೇಳ್ಬೇಕ್ರಿ? ಎಲ್ರ ಫೋನೂ ನನ್ನ ಕಿವಿ ಮುಂದಲಿಂದಾನೇ ಹೋಗ್ತಾವಲ್ಲ.” ನಕ್ಕು, ಕೂಡಲೇ ನಗು ನಿಲ್ಲಿಸಿದರು. “ಗೋದಾಮಿನ ದಫ್ತರ ಬರೆಯೋರು ರಿಟೈರ್ ಆಗ್ತಾರೆ. ಅಲ್ಲಿಗೆ ನನ್ನ ಹೆಸ್ರು ಓಡ್ತಾ ಐತೆ. ಕುಂತು ಬರೆಯೋದು ನಂಗೇನ್ ಭಾರ ಅಲ್ರಿ. ಬಸ್ಸಿನ ಮೆಟ್ಲು ಐತಲ್ಲ, ಅದು ಭಾರ. ಹೋಗ್ತಾ ಹತ್ತಿ ಇಳೀಬೇಕು, ಬರ್ತಾ ಹತ್ತಿ ಇಳೀಬೇಕು. ಅಮಾಸಿ ದಿನ ಉಕ್ಕಡಗಾತ್ರಿ ಗುಡಿಗೆ ಹೋಗೋ ಜನ ಹರಿಹರದ ಬಸ್ಸಿನಾಗೆ ಕಾಲಿಡಾಕೂ ಜಾಗ ಬಿಡಲ್ಲ. ಈ ಕಾಲು ಅಷ್ಟಕ್ಕೆಲ್ಲ ಮಾತು ಕೇಳಲ್ಲ ನೋಡ್ರಿ.”

ನಾನು ತರಗತಿಯಲ್ಲಿ ಹೇಳುವಂತೆಯೇ ಹೇಳಿದೆ: “ಮೇಡಂ, ಇದು ಕರೆಗಳನ್ನು ಹಂಚುವ ಯಂತ್ರ. ಹಂಚಿದ ಮೇಲೆ ಮಾತನಾಡುವುದಕ್ಕೆ ಮನುಷ್ಯರು ಬೇಕೇ ಬೇಕು. ನಿಮ್ಮ ಸ್ಥಾನಕ್ಕೆ ಯಾವ ಬಾಧೆಯೂ ಬರುವುದಿಲ್ಲ. ಆ ಹೊಣೆ ನನ್ನದು.”

“ಹಂಗಾದ್ರೆ ನಿಶ್ಚಿಂತಿ ಬಿಡ್ರಿ,” ಎಂದು ಅವರು ಹೊಸ ಫೋನಿನ ಮೇಲಿದ್ದ ಪ್ಲಾಸ್ಟಿಕ್ ಹಾಳೆಯನ್ನು ತಾವೇ ಸುಲಿದರು.

ಆ ಮೂರು ವಾರಗಳು ನನಗೆ ಶಾಲೆ ಬಿಟ್ಟ ಮೇಲಿನ ಅತ್ಯಂತ ಸಂತೋಷದ ದಿನಗಳಾಗಿದ್ದವೆಂದು ಒಪ್ಪಿಕೊಳ್ಳಬೇಕು. ಪ್ರತಿ ಮೇಜಿಗೂ ಮೂರಂಕಿಯ ಸಂಖ್ಯೆ ಕೊಟ್ಟೆ. ಮಾರಾಟಕ್ಕೆ ಇನ್ನೂರರ ಸಾಲು, ಹರಿಹರಕ್ಕೆ ನಾನೂರರ ಸಾಲು. ಯಾರು ಹೊರಗೆ ಕರೆ ಮಾಡಬಹುದು, ಯಾರು ಕಚೇರಿಯೊಳಗೆ ಮಾತ್ರ ಮಾತನಾಡಬಹುದು, ಒಬ್ಬರು ಎತ್ತದಿದ್ದರೆ ಕರೆ ಮುಂದೆ ಯಾರಿಗೆ ಹೋಗಬೇಕು, ಇವೆಲ್ಲಕ್ಕೂ ನಿಯಮ ಬರೆದೆ. ನಿಯಮ ಬರೆದಂತೆಯೇ ಯಂತ್ರ ನಡೆದುಕೊಳ್ಳುತ್ತಿತ್ತು. ಹದಿನೇಳು ವರ್ಷದಲ್ಲಿ ಯಾವ ತರಗತಿಯೂ ನನಗೆ ಹಾಗೆ ವಿಧೇಯವಾಗಿರಲಿಲ್ಲ.

ಹರಿಹರದ ಸಂಪರ್ಕ ಮಾತ್ರ ಸತಾಯಿಸಿತು. ಅಲ್ಲಿಯವರ ಮಾತು ನಮಗೆ ಕೇಳುತ್ತಿತ್ತು, ನಮ್ಮದು ಅವರಿಗೆ ಕೇಳುತ್ತಿರಲಿಲ್ಲ. ಮೂರು ದಿನ ಅದರ ಹಿಂದೆ ಬಿದ್ದೆ. ಪರೀಕ್ಷೆಗೆಂದು ಅಕ್ಕನ ಕೈಗೆ ಫೋನು ಕೊಟ್ಟು, ನಾನು ಸರ್ವರಿನ ಮುಂದೆ ಕೂತು, “ಈಗ ಕೇಳಿಸುತ್ತಿದೆಯೇ?” ಎಂದು ಐದು ನಿಮಿಷಕ್ಕೊಮ್ಮೆ ಕೂಗುತ್ತಿದ್ದೆ.

“ಅವ್ರದು ನಂಗೆ ಕೇಳ್ತೈತ್ರಿ, ಚೆನ್ನಾಗಿ ಕೇಳ್ತೈತೆ.”

“ಅವರು ಏನೆನ್ನುತ್ತಿದ್ದಾರೆ?”

“ಹೇಳ್ಬಾರ್ದು ಬಿಡ್ರಿ.”

“ಪರೀಕ್ಷೆಗೆ ಬೇಕು, ಹೇಳಿ.”

“‘ಆ ಕನ್ನಡ ಮೇಷ್ಟ್ರಿಗೆ ತಂತಿ ಕೆಲ್ಸ ಯಾರ್ ಕೊಟ್ರೋ ಮಾರಾಯ, ಸುಮ್ಕೆ ಪಾಠ ಮಾಡ್ಕಂಡಿರಾಕೆ ಏನಾಗಿತ್ತು’ ಅಂತಾರೆ. ನಾವು ಕೇಳಿಸ್ಕಳ್ತಿದೀವಿ ಅಂತ ಅವ್ರಿಗೆ ಗೊತ್ತಿಲ್ಲ ಪಾಪ.” ಫೋನನ್ನು ಎದೆಗೊತ್ತಿಕೊಂಡು ಮೈಯೆಲ್ಲ ಕುಲುಕುವಂತೆ ನಕ್ಕರು. ನನಗೂ ನಗು ಬಂತು. ನಾವಿಬ್ಬರೂ ಒಟ್ಟಿಗೆ ಹಾಗೆ ನಕ್ಕದ್ದು ಅದೊಂದೇ ಸಲ. ಮರುದಿನ ಹರಿಹರದ ರೂಟರಿನಲ್ಲಿ ಧ್ವನಿ ಹಾದುಬರುವ ಒಂದು ಬಾಗಿಲು ಮುಚ್ಚಿದ್ದುದು ಸಿಕ್ಕಿತು, ತೆರೆದೆ, ಮಾತು ಎರಡೂ ಕಡೆ ಹರಿಯಿತು.

ಕರೆ ಬಂದೊಡನೆ ಯಂತ್ರವೇ ಎತ್ತಿ ಸ್ವಾಗತ ಹೇಳಬೇಕಿತ್ತು. ಮಾರಾಟಕ್ಕೆ ಒಂದನ್ನು ಒತ್ತಿ, ದುರಸ್ತಿಗೆ ಎರಡು, ಆಪರೇಟರ್ ಬೇಕಿದ್ದರೆ ಒಂಬತ್ತು. ಆ ಧ್ವನಿ ಅಕ್ಕನದೇ ಇರಲಿ ಎಂದು ಸಾವ್ಕಾರ್ರು ಹೇಳಿದರು. ಗಿರಾಕಿಗಳಿಗೆ ಪರಿಚಯದ ಧ್ವನಿ. ನಾನು ವಾಕ್ಯಗಳನ್ನು ಬರೆದುಕೊಟ್ಟೆ. ಅವರು ಓದಿದ್ದು ಹೀಗೆ: “ನಮಸ್ಕಾರ್ರಿ. ಮೋಟ್ರು ಬೇಕಂದ್ರೆ ಒಂದು ಒತ್ರಿ. ರಿಪೇರಿ ಐತೆ ಅಂದ್ರೆ ಎರಡು.”

“ಮೇಡಂ, ಹಾಳೆಯಲ್ಲಿ ಬರೆದಂತೆ ಓದಿ.”

“ಹಾಳಿಯಾಗೆ ಬರ್ದಂಗೆ ಓದಿದ್ರೆ ಅವ್ರು ಫೋನ್ ಇಡ್ತಾರ್ರಿ. ಯಾವ್ದೋ ಸರ್ಕಾರಿ ಆಫೀಸಿಗೆ ಹೋತು ಅಂತ.”

ಹತ್ತಾರು ಸಲ ಓದಿಸಿದೆ. ಪ್ರತಿ ಸಲವೂ ಎಲ್ಲೋ ಒಂದು ‘ಐತೆ’ ನುಸುಳುತ್ತಿತ್ತು. ಕೊನೆಗೆ ನಾನೇ ಓದಿ ಧ್ವನಿಮುದ್ರಿಸಿದೆ. ಅಕ್ಕ ಕೇಳಿ, “ಭೇಷ್ ಬಂದೈತೆ ಮೇಷ್ಟ್ರೇ, ವಾರ್ತೆ ಓದಿದಂಗೆ,” ಎಂದರು. ಅದನ್ನು ನಾನು ಹೊಗಳಿಕೆ ಎಂದುಕೊಂಡೆ.

ಮುಂದಿನ ಹೆಜ್ಜೆ ಪ್ರತಿಯೊಬ್ಬರ ಕರ್ತವ್ಯವನ್ನೂ ಒಂದು ವಾಕ್ಯದಲ್ಲಿ ಬರೆದು, ಅದರ ಪ್ರಕಾರ ಅವರ ಫೋನಿಗೆ ಅನುಮತಿ ಕೊಡುವುದು. ಅಕ್ಕನನ್ನು ಕೇಳಿದಾಗ ಅವರು ಹೇಳಿದ್ದು ಒಂದು ವಾಕ್ಯದಲ್ಲಿ ಹಿಡಿಸುವಂಥದ್ದಾಗಿರಲಿಲ್ಲ.

ನಮ್ಮ ಕಡೆಯ ರೈತರು ಕಚೇರಿಗೆ ಫೋನು ಮಾಡಿ ಮಾತನಾಡುವುದು ಕಡಿಮೆ. ಅವರು ಮಿಸ್ ಕಾಲ್ ಕೊಡುತ್ತಾರೆ. ಒಂದು ರಿಂಗಾಗುವಷ್ಟರಲ್ಲಿ ಕತ್ತರಿಸಿ, ಫೋನನ್ನು ಜೇಬಿಗಿಟ್ಟು ಕಾಯುತ್ತಾರೆ. ಮಾತಿಗೆ ನಿಮಿಷದ ಲೆಕ್ಕದಲ್ಲಿ ದುಡ್ಡು ತೆರಬೇಕಿದ್ದ ಕಾಲದಲ್ಲಿ ಹುಟ್ಟಿದ ರೂಢಿ ಅದು. ಕಾಲ ಬದಲಾದರೂ ರೂಢಿ ಉಳಿದಿದೆ; ಏಕೆಂದರೆ ಅಷ್ಟರಲ್ಲಿ ಅದಕ್ಕೆ ಮರ್ಯಾದೆಯ ಪ್ರಶ್ನೆಯೂ ಅಂಟಿಕೊಂಡಿದೆ. ಮೋಟಾರು ಮಾರಿದವರು ನಾವು, ಆದ್ದರಿಂದ ಕರೆದು ಮಾತನಾಡಿಸಬೇಕಾದವರೂ ನಾವೇ. ಅಕ್ಕ ಆ ನಂಬರುಗಳನ್ನು ಚೀಟಿಯಲ್ಲಿ ಗುರುತು ಹಾಕಿಕೊಂಡು ತಿರುಗಿ ಫೋನು ಮಾಡುತ್ತಿದ್ದರು. ಮುಕ್ಕಾಲು ಭಾಗದವರ ನಂಬರು ಅವರಿಗೆ ಬಾಯಿಪಾಠವಾಗಿತ್ತು.

“ಒಂದ್ ಸಲ ಕೊಟ್ರೆ ಪುರ್‌ಸೊತ್ತಾದಾಗ ಮಾಡ್ರಿ ಅಂತ. ಹಿಂದಿಂದೇ ಎರಡ್ ಸಲ ಕೊಟ್ರೆ ಮೋಟ್ರು ಸುಟ್ಟೈತೆ, ಈಗ್ಲೇ ಮಾಡ್ರಿ ಅಂತ,” ಎಂದರು ಅಕ್ಕ. “ಅವ್ರು ಬಾಗ್ಲು ಬಡೀತಾರೆ ಮೇಷ್ಟ್ರೇ. ತೆಗೆಯೋದು ನನ್ ಕೆಲ್ಸ.”

ನಾನು ನೋಟ್‌ಬುಕ್ಕಿನಲ್ಲಿ ಬರೆದದ್ದು: ‘ಆಪರೇಟರ್: ಒಳಬರುವ ಕರೆಗಳನ್ನು ಸ್ವೀಕರಿಸಿ ಸಂಬಂಧಪಟ್ಟವರಿಗೆ ವರ್ಗಾಯಿಸುವುದು.’ ಆ ವಾಕ್ಯದಲ್ಲಿ ಹೊರಹೋಗುವ ಕರೆಯ ಪ್ರಸ್ತಾಪವಿಲ್ಲ. ಆದ್ದರಿಂದ ಅವರ ಫೋನಿಗೆ ಹೊರಗೆ ಕರೆ ಮಾಡುವ ಅನುಮತಿಯನ್ನೂ ಕೊಡಲಿಲ್ಲ.

ಸರ್ವರ್ ಕೆಲಸ ಆರಂಭಿಸಿದ ಎರಡನೆಯ ದಿನವೇ ಅವರು ಕೇಳಿದರು: “ಹೊರಗೆ ಹೋಗ್ತಾ ಇಲ್ರಿ ನನ್ ಫೋನು.” ಅನುಮತಿ ಬೇಕಾದವರು ನಮೂನೆಯಲ್ಲಿ ಅರ್ಜಿ ಕೊಡಬೇಕೆಂದು ನಾನು ನಿಯಮ ಮಾಡಿದ್ದೆ. ಅವರು ಅರ್ಜಿ ಬರೆದರು. ಕಾರಣದ ಸಾಲಿನಲ್ಲಿ ‘ಮಿಸ್ ಕಾಲ್ ಕೊಟ್ಟವರಿಗೆ ಹೊಳ್ಳಿ ಮಾಡಬೇಕು’ ಎಂದಿತ್ತು. ಅದರ ಕೆಳಗೆ ನಾನು ಬರೆದ ಒಕ್ಕಣೆ ಇವತ್ತಿಗೂ ಅಕ್ಷರಶಃ ನೆನಪಿದೆ: ‘ಹೊಸ ವ್ಯವಸ್ಥೆಯಲ್ಲಿ ಪ್ರತಿಯೊಂದು ಕರೆಗೂ ಯಂತ್ರವು ತಕ್ಷಣ ಉತ್ತರಿಸುವುದರಿಂದ ಮಿಸ್ ಕಾಲ್ ಎಂಬುದೇ ಇರುವುದಿಲ್ಲ. ಆದ್ದರಿಂದ ಅರ್ಜಿಯನ್ನು ಮಾನ್ಯ ಮಾಡಲಾಗಿಲ್ಲ.’

ತರ್ಕದಲ್ಲಿ ಲೋಪವಿರಲಿಲ್ಲ. ಯಂತ್ರ ನಿಜವಾಗಿಯೂ ಪ್ರತಿಯೊಂದು ಕರೆಯನ್ನೂ ಎತ್ತುತ್ತಿತ್ತು. ನನ್ನ ಧ್ವನಿ “ನಮಸ್ಕಾರ, ತಾವು ಕರೆ ಮಾಡಿರುವುದು…” ಎನ್ನುವಷ್ಟರಲ್ಲಿ ರೈತರು ಯಾರೋ ಅಪರಿಚಿತರು ಎತ್ತಿಬಿಟ್ಟರೆಂದು ಬೆಚ್ಚಿ ಕತ್ತರಿಸುತ್ತಿದ್ದರು. ಕತ್ತರಿಸಿ, ಎಂದಿನಂತೆ ಫೋನನ್ನು ಜೇಬಿಗಿಟ್ಟು ಕಾಯುತ್ತಿದ್ದರು. ಸರ್ವರಿನ ದಾಖಲೆಯಲ್ಲಿ ಅವು ಮೂರು ಸೆಕೆಂಡಿನ, ನಾಲ್ಕು ಸೆಕೆಂಡಿನ ಕರೆಗಳಾಗಿ ನೂರಾರು ಸಾಲು ತುಂಬಿಕೊಂಡವು. ನೋಡುವುದಕ್ಕೆ ಗಲೀಜಾಗಿ ಕಂಡಿತು. ಪೂರ್ತಿಯಾಗದ ವಾಕ್ಯಗಳಿಗೆ ನಾನೆಂದೂ ಅಂಕ ಕೊಟ್ಟವನಲ್ಲ. ಹತ್ತು ಸೆಕೆಂಡಿಗೂ ಕಡಿಮೆಯ ಕರೆಗಳನ್ನು ವರದಿಯಲ್ಲಿ ತೋರಿಸಬಾರದೆಂದು ಒಂದು ನಿಯಮ ಸೇರಿಸಿದೆ. ವರದಿ ಶುಭ್ರವಾಯಿತು.

ಅಕ್ಕನ ಕಂಪ್ಯೂಟರಿನಲ್ಲಿ ಮಾತ್ರ ಬಂದುಹೋಗುವ ಕರೆಗಳೆಲ್ಲ ಒಂದು ಪುಟದಲ್ಲಿ ಕಾಣುತ್ತಿದ್ದವು. ಅವರು ಆ ನಂಬರುಗಳನ್ನು ನೋಡಿ, ಚೀಟಿಗೆ ಇಳಿಸಿಕೊಂಡು, ತಮ್ಮ ಸ್ವಂತ ಮೊಬೈಲಿನಿಂದ ತಿರುಗಿ ಫೋನು ಮಾಡತೊಡಗಿದರು. ಇದು ನನಗೆ ಆಗ ಗೊತ್ತಿರಲಿಲ್ಲ. ನಾನು ಕಂಡದ್ದು, ಕೆಲಸದ ಹೊತ್ತಿನಲ್ಲಿ ಆಪರೇಟರ್ ಮೊಬೈಲು ಹಿಡಿದು, “ಹ್ಞೂಂ ಅಣ್ಣ, ಹೆಂಗಿದೀರಿ, ಅಮ್ಮ ಆರಾಮಾ?” ಎಂದು ಹರಟುತ್ತಿರುವುದು. ಕೇಳಬಹುದಾಗಿತ್ತು. ಕೇಳದೆ ಸೂಚನಾ ಫಲಕದಲ್ಲಿ ಒಂದು ಹಾಳೆ ಅಂಟಿಸಿದೆ: ‘ಕೆಲಸದ ವೇಳೆಯಲ್ಲಿ ಸ್ವಂತ ಮೊಬೈಲು ಬಳಸತಕ್ಕದ್ದಲ್ಲ.’ ಯಾರ ಹೆಸರನ್ನೂ ಬರೆಯಲಿಲ್ಲ. ಅದನ್ನು ಸೌಜನ್ಯವೆಂದು ತಿಳಿದಿದ್ದೆ.

ಅಂದಿನಿಂದ ಅವರು ಗಂಟೆಗೊಮ್ಮೆ ಎದ್ದು, ಮೊಣಕಾಲನ್ನೊತ್ತುತ್ತಾ ಹಿಂದಿನ ಜಗುಲಿಗೆ ಹೋಗಿ, ನಿಂತುಕೊಂಡು ಮಾತನಾಡಿ ಬರುತ್ತಿದ್ದರು. ಅವರು ಕುರ್ಚಿಯಲ್ಲಿ ಇಲ್ಲದ ಹೊತ್ತು ಒಂಬತ್ತನ್ನು ಒತ್ತಿ ಬಂದ ಕೆಲವು ಕರೆಗಳು ಬೇರೆ ಮೇಜಿಗೆ ಹೋದವು. ಅದೂ ನಾನು ಬರೆದ ನಿಯಮದಂತೆಯೇ.

ತಿಂಗಳು ಮುಗಿದಾಗ ಸಾವ್ಕಾರ್ರು ವರದಿ ಕೇಳಿದರು. ಆಪರೇಟರ್ ಹೆಸರಿನ ಮುಂದೆ ದಿನಕ್ಕೆ ಏಳೆಂಟು ಕರೆಗಳಿದ್ದವು. ಸಾವ್ಕಾರ್ರು ಕನ್ನಡಕ ಹಣೆಗೇರಿಸಿ ನನ್ನನ್ನು ನೋಡಿದರು.

“ಏನ್ರೀ ಮೇಷ್ಟ್ರೇ, ಇಷ್ಟೇನಾ?”

“ದಾಖಲೆಯ ಪ್ರಕಾರ ಇಷ್ಟೇ.”

“ಹಂಗಾದ್ರೆ ಅಕ್ಕಾರು ಇಲ್ಲಿ ಸುಮ್ನೆ ಕುಂತಂಗಾತು. ಹರಿಹರದಾಗೆ ದಫ್ತರ ಬರೆಯೋರಿಲ್ದೆ ಮಾಲು ಎಲ್ಲಿಂದೆಲ್ಲಿಗೋ ಹೋಗ್ತೈತೆ. ಅಲ್ಲಿಗೆ ಹಾಕಾದು ಒಳ್ಳೇದು ಅನ್ಸುತ್ತೆ. ನೀವೇನಂತೀರಿ?”

ನಾನು ಮಾತು ಕೊಟ್ಟಿದ್ದೆ, ಮರೆತಿರಲಿಲ್ಲ. ಅಕ್ಕನ ಕಾಲಿನ ಸಂಗತಿ ಹೇಳಿದೆ. “ಗೊತ್ತೈತ್ರಿ, ಅದಕ್ಕೇ ಕುಂತು ಮಾಡೋ ಕೆಲ್ಸ ಕೊಡ್ತಿರಾದು,” ಎಂದರು. ಬಸ್ಸಿನ ಮೆಟ್ಟಿಲಿನ ವಿಷಯ ಹೇಳಬೇಕೆಂದುಕೊಂಡೆ. ಅಷ್ಟರಲ್ಲಿ ಅವರು ವರದಿಯ ಮೇಲೆ ಬೆರಳು ಬಡಿದು, “ನಿಮ್ ಲೆಕ್ಕ ಸರಿ ಐತೋ ಇಲ್ವೋ?” ಎಂದು ಕೇಳಿದರು.

“ಲೆಕ್ಕ ಸರಿಯಾಗಿದೆ,” ಎಂದೆ. ಲೆಕ್ಕ ಸರಿಯಿಲ್ಲವೆಂದು ಹೇಳುವುದು ನನ್ನ ಕೈಲಾಗುವಂತಿರಲಿಲ್ಲ.

ಆದೇಶವನ್ನು ನಾನೇ ಅವರ ಮೇಜಿಗೆ ಒಯ್ದೆ. ಅಕ್ಕ ಓದಿದರು. ನನ್ನ ಮುಖ ನೋಡಲಿಲ್ಲ. “ಯಾವತ್ತಿಂದ ಅಂತ ಐತೆ?” ಎಂದು ಕೇಳಿದರು, ಹಾಳೆಯಲ್ಲಿ ಸ್ಪಷ್ಟವಾಗಿ ಬರೆದಿದ್ದರೂ ಕೇಳಿದರು. “ಒಂದನೇ ತಾರೀಕಿನಿಂದ,” ಎಂದೆ. “ಆಟೋದೋರಿಗೆ ಹೇಳ್ಬೇಕು ಹಂಗಾದ್ರೆ,” ಎಂದು ಮೊಬೈಲು ತೆಗೆದು, ಫಲಕದ ಕಡೆ ಒಮ್ಮೆ ನೋಡಿ, ಎದ್ದು ಜಗುಲಿಗೆ ಹೋದರು.

ಅವರು ಹೋದ ಮೂರನೆಯ ವಾರ ಕಡರನಾಯಕನಹಳ್ಳಿಯ ರೈತರೊಬ್ಬರು ನೇರವಾಗಿ ಕಚೇರಿಗೆ ಬಂದು ನನ್ನ ಮೇಜಿನ ಮುಂದೆ ನಿಂತರು. ಬೆವರಿದ್ದರು, ಸಿಟ್ಟಾಗಿದ್ದರು.

“ಏನ್ರೀ, ನಿಮ್ ಆಫೀಸು ಐತೋ ಮುಚ್ಚೈತೋ? ಮೂರು ದಿನದಿಂದ ಮಿಸ್ ಕಾಲ್ ಕೊಡ್ತಿದೀನಿ. ಯಾವನೋ ಎತ್ಕಂಡು ಭಾಷಣ ಮಾಡ್ತಾನೆ. ಅಕ್ಕ ಎಲ್ಲಿ?”

“ಅವರಿಗೆ ವರ್ಗವಾಗಿದೆ. ತಾವು ಎರಡನ್ನು ಒತ್ತಬೇಕಾಗಿತ್ತು.”

“ಏನ್ ಒತ್ತಾದು? ನಾನು ಮಿಸ್ ಕಾಲ್ ಕೊಟ್ಟೆ ಅಂದ್ರೆ ನನ್ ಮೋಟ್ರು ಸುಟ್ಟೈತೆ ಅಂತ. ಅಕ್ಕ ಇದ್ದಾಗ ಅರ್ಧ ಗಂಟೇಲಿ ಹೊಳ್ಳಿ ಮಾಡೋಳು. ಈ ಭಾಷಣದವನು ಬಂದ್ ಮ್ಯಾಲೂ ಮಾಡ್ತಿದ್ಲು, ಅವಳ ಮೊಬೈಲಿಂದ. ನೋಡ್ರಿ, ಇಲ್ಲೈತೆ ನಂಬ್ರು. ಈಗ ಹಗಲೊತ್ತಿನಾಗೆ ಇದೂ ಬಂದ್ ಇರ್ತೈತೆ.”

ತಮ್ಮ ಫೋನನ್ನು ನನ್ನ ಕಣ್ಣಮುಂದೆ ಹಿಡಿದರು. ‘ಮೋಟ್ರು ಅಕ್ಕ’ ಎಂದು ಉಳಿಸಿಕೊಂಡಿದ್ದ ಹೆಸರು. ನಂಬರು ಅಕ್ಕನ ಸ್ವಂತ ಮೊಬೈಲಿನದು. ಕರೆಗಳು ಬಂದಿದ್ದ ದಿನಾಂಕಗಳೆಲ್ಲ ನಾನು ವರದಿ ಮಾಡಿದ ತಿಂಗಳಿನವು.

ಅವರ ದೂರನ್ನು ಬರೆದುಕೊಂಡು, ಹರಿಹರದ ವರ್ಕ್‌ಶಾಪಿಗೆ ಹೇಳಿ ಕಳುಹಿಸಿದೆ. ಆಮೇಲೆ ಸರ್ವರಿನ ಮುಂದೆ ಕೂತು, ಹತ್ತು ಸೆಕೆಂಡಿನ ನಿಯಮವನ್ನು ತೆಗೆದು ನೋಡಿದೆ. ಆ ತಿಂಗಳಿನ ಪ್ರತಿ ದಿನದಲ್ಲೂ ತುಂಡು ಕರೆಗಳ ಸಾಲುಗಳು, ಪುಟದ ಮೇಲೆ ಪುಟ. ಕೆಲವು ನಂಬರುಗಳು ಹಿಂದಿಂದೇ ಎರಡು ಸಲ. ಅಕ್ಕ ಹೇಳಿದ್ದ ಅರ್ಥ ಆಗ ಕಿವಿಗೆ ಬಿತ್ತು: ಸುಟ್ಟೈತೆ, ಈಗ್ಲೇ ಮಾಡ್ರಿ. ಆ ಇಡೀ ತಿಂಗಳು ಕಚೇರಿಯ ಅರ್ಧಕ್ಕೂ ಹೆಚ್ಚು ಕೆಲಸ ಹಿಂದಿನ ಜಗುಲಿಯಲ್ಲಿ, ಒಂದು ಕಾಲಿನ ಮೇಲೆ ಭಾರ ಹಾಕಿ ನಿಂತವರಿಂದ ನಡೆದಿತ್ತು. ಅದರಲ್ಲಿ ಒಂದು ಸಾಲೂ ನನ್ನ ವರದಿಯಲ್ಲಿರಲಿಲ್ಲ.

ಹೊಸ ವರದಿ ಬರೆದೆ. ಹಿಂದಿನದರಲ್ಲಿ ನಾನು ಏನನ್ನು ಮರೆಮಾಡಿದ್ದೆನೆಂಬುದನ್ನೂ ಬರೆದು ಸಾವ್ಕಾರ್ರ ಮುಂದಿಟ್ಟೆ. ಅವರು ಗಮನವಿಟ್ಟು ಓದಿದರು. ಕೆಟ್ಟ ಮನುಷ್ಯರಲ್ಲ ಅವರು. “ಛೇ, ಅಕ್ಕಾರು ಒಂದ್ ಮಾತು ಹೇಳಬಾರ್ದಾಗಿತ್ತಾ,” ಎಂದರು. ನಾನು ಉತ್ತರ ಹೇಳುವ ಮೊದಲೇ ಇನ್ನೊಂದು ಪ್ರಶ್ನೆ ಕೇಳಿದರು.

“ಅಲ್ರೀ, ಯಾರು ಹಂಗೆ ಕಟ್ ಮಾಡಿದ್ರೋ ಅವ್ರಿಗೆ ಮಷಿನ್ನೇ ಹೊಳ್ಳಿ ಫೋನ್ ಮಾಡಂಗೆ ಮಾಡಾಕ್ ಬರಲ್ವಾ?”

ಬರುತ್ತದೆ. ಸರ್ವರಿನಲ್ಲಿ ಆ ಸೌಲಭ್ಯವಿದೆ. ನೋಟ್‌ಬುಕ್ಕಿನಲ್ಲಿ ನಾನೇ ಅದರ ಟಿಪ್ಪಣಿ ಬರೆದುಕೊಂಡಿದ್ದೆ. ಕತ್ತರಿಸಿದ ನಂಬರಿಗೆ ಯಂತ್ರ ತಾನೇ ಫೋನು ಹಚ್ಚಿ, ಎತ್ತಿದೊಡನೆ ದುರಸ್ತಿಯವರಿಗೆ ಜೋಡಿಸುತ್ತದೆ. ಬರುವುದಿಲ್ಲ ಎಂದು ಒಂದೇ ಒಂದು ಮಾತು ಹೇಳಿದ್ದರೆ ಅಕ್ಕ ಮರುದಿನವೇ ತಮ್ಮ ಕುರ್ಚಿಗೆ ಮರಳುತ್ತಿದ್ದರು. ಅಥವಾ ಸುಳ್ಳು ಹೇಳುವ ಅಗತ್ಯವೂ ಇರಲಿಲ್ಲ. ಗೋದಾಮಿನ ದಫ್ತರವನ್ನು ವಾರಕ್ಕೆ ಮೂರು ದಿನ ಹೋಗಿ ನಾನು ಬರೆಯುತ್ತೇನೆ, ಅವರು ಇಲ್ಲೇ ಇರಲಿ ಎನ್ನಬಹುದಾಗಿತ್ತು. ಆ ಯೋಚನೆ ನನಗೆ ಅಲ್ಲಿ ನಿಂತಿದ್ದಾಗಲೇ ಬಂತು. ವ್ಯವಸ್ಥಾಪಕನಾದವನು ಗೋದಾಮಿನಲ್ಲಿ ಬೋಲ್ಟು ನಟ್ಟು ಎಣಿಸುವುದೇ ಎಂದು ಅದರ ಜೊತೆಯಲ್ಲೇ ಇನ್ನೊಂದು ಯೋಚನೆಯೂ ಬಂತು.

“ಬರುತ್ತದೆ,” ಎಂದೆ.

“ಮತ್ತೇನು, ಮಾಡ್ಬಿಡ್ರಿ.”

ಆದರೆ ಯಂತ್ರಕ್ಕೆ ಎಲ್ಲ ಕರೆಗಳೂ ಒಂದೇ. ಯಾರಿಗೆ ಮೊದಲು, ಯಾರಿಗೆ ಆಮೇಲೆ, ಯಾವ ನಂಬರು ಯಾರದೆಂದು ತಿಳಿಯದೆ ಹೊಂದಿಸುವಂತಿರಲಿಲ್ಲ. ಅದು ಗೊತ್ತಿದ್ದವರು ಒಬ್ಬರೇ. ನೋಟ್‌ಬುಕ್ಕು ಹಿಡಿದು ಹರಿಹರಕ್ಕೆ ಹೋದೆ.

ಗೋದಾಮಿನ ಮೂಲೆಯಲ್ಲಿ, ತಾಮ್ರದ ತಂತಿಯ ಸುರುಳಿಗಳ ನಡುವೆ ಅಕ್ಕ ಕೂತಿದ್ದರು. ಎಡಗಾಲನ್ನು ಒಂದು ಖಾಲಿ ಮೋಟಾರು ಡಬ್ಬದ ಮೇಲೆ ನೀಡಿದ್ದರು. ಪಾದ ಊದಿ, ಚಪ್ಪಲಿಯ ಪಟ್ಟಿ ಬಿಚ್ಚಿತ್ತು. ನನ್ನನ್ನು ಕಂಡು ಸೀರೆಯ ನೆರಿಗೆ ಎಳೆದು ಮುಚ್ಚಿಕೊಂಡರು.

“ಬರ್ರಿ ಮೇಷ್ಟ್ರೇ, ಕೂಡ್ರಿ. ಕುರ್ಚಿ ಒಂದೇ ಐತೆ, ನೀವು ಆ ಇನ್ನೊಂದು ಡಬ್ಬಿ ಮ್ಯಾಲೆ ಕೂಡ್ರಿ. ಭದ್ರ ಐತೆ, ನಾನೇ ಲೆಕ್ಕ ಬರ್ದೀನಿ ಅದರದ್ದು.”

ಕೂತು ಎಲ್ಲವನ್ನೂ ಹೇಳಿದೆ. ಹತ್ತು ಸೆಕೆಂಡಿನ ನಿಯಮ, ರೈತರು ಬಂದದ್ದು, ಹೊಸ ವರದಿ. ಕೊನೆಗೆ, ನನಗೆ ಅಧಿಕಾರವಿಲ್ಲದ ಒಂದು ಪ್ರಶ್ನೆಯನ್ನೂ ಕೇಳಿದೆ: “ಇದನ್ನೆಲ್ಲ ನೀವು ನನಗೆ ಯಾಕೆ ಹೇಳಲಿಲ್ಲ?”

ಅವರು ಬೆರಗಿನಿಂದ ನೋಡಿದರು.

“ಹೇಳಿದ್ನಲ್ಲ ಮೇಷ್ಟ್ರೇ. ಬರ್ದೂ ಕೊಟ್ಟಿದ್ದೆ.”

ಪಕ್ಕದ ವರ್ಕ್‌ಶಾಪಿನಲ್ಲಿ ಯಾರೋ ಮೋಟಾರು ಓಡಿಸಿ ನೋಡಿ ನಿಲ್ಲಿಸಿದರು.

“ಹಂಗಾದ್ರೆ ನನ್ನ ಹೊಳ್ಳಿ ಕರ್ಸ್ತಾರಾ?” ಎಂದು ಕೇಳಿದರು. ಧ್ವನಿಯಲ್ಲಿ ಆಸೆ ಕಾಣಿಸಬಾರದೆಂದು ಪ್ರಯತ್ನಿಸಿದ್ದು ತಿಳಿಯುತ್ತಿತ್ತು.

ಇಲ್ಲವೆಂದು ಹೇಳಿದೆ. ಯಂತ್ರವೇ ತಿರುಗಿ ಫೋನು ಮಾಡುವಂತೆ ಹೊಂದಿಸಲು ಅವರ ನೆರವು ಬೇಕಾಗಿ ಬಂದಿದ್ದೇನೆ ಎಂದೂ ಹೇಳಿದೆ. ಅದನ್ನು ಹೇಳುವುದಕ್ಕೆ ನನಗೆ ಒಳ್ಳೆಯ ವಾಕ್ಯ ಸಿಗಲಿಲ್ಲ. ಮುರಿದು ಮುರಿದು ಹೇಳಿದೆ.

ಅವರು ನಿರಾಕರಿಸುತ್ತಾರೆ ಎಂದುಕೊಂಡಿದ್ದೆ; ನಿರಾಕರಿಸಲಿ ಎಂದು ಬಯಸಿಯೂ ಇದ್ದೆನೇನೋ. ಅವರು ನನ್ನ ನೋಟ್‌ಬುಕ್ಕಿನ ಕಡೆ ಗಲ್ಲ ಎತ್ತಿ, “ಬರ್ಕಳ್ರಿ,” ಎಂದರು. “ಪಾಪ, ರೈತರು ಏನ್ ಮಾಡ್ಯಾರೆ.” ಒಂದೂವರೆ ಗಂಟೆ ಹೇಳಿದರು. ಯಾವ ಊರಿನವರು ಬೆಳಗ್ಗೆ ಕೊಡುತ್ತಾರೆ, ಯಾರು ಕರೆಂಟು ಬಂದ ಹೊತ್ತಿನಲ್ಲಿ ಮಾತ್ರ ಕೊಡುತ್ತಾರೆ, ಯಾರ ಕಿವಿ ಮಂದ, ಯಾರಿಗೆ ಮೊದಲು ಅವರ ಅಮ್ಮನ ಆರೋಗ್ಯ ಕೇಳಿದರೆ ಮಾತ್ರ ಮೋಟಾರಿನ ವಿಷಯ ಬಾಯಿಗೆ ಬರುತ್ತದೆ. ಕೊನೆಯದನ್ನು ಬರೆಯದೆ ಪೆನ್ನು ಎತ್ತಿದೆ. ಅದಕ್ಕೆ ಯಂತ್ರದಲ್ಲಿ ಜಾಗವಿರಲಿಲ್ಲ. ಅವರು ನನ್ನ ಪೆನ್ನನ್ನು ನೋಡಿ, “ಅದು ಬ್ಯಾಡ ಬಿಡ್ರಿ, ಅದು ಮಷಿನ್ನಿಗೆ ಹೆಂಗೆ ಬರ್ತೈತೆ,” ಎಂದರು.

ಅವರು ಗೋದಾಮಿನಲ್ಲಿ ಇದ್ದದ್ದು ಅದಾದ ಮೇಲೆ ಎರಡು ತಿಂಗಳು. ಒಂದು ಅಮಾವಾಸ್ಯೆಯ ಬೆಳಗ್ಗೆ ಬಸ್ಸಿನಿಂದ ಇಳಿಯುವಾಗ ನೂಕುನುಗ್ಗಲಿನಲ್ಲಿ ಕಾಲು ಮಡಚಿ ಬಿದ್ದರು. ಮೂಳೆ ಮುರಿದಿರಲಿಲ್ಲ. ಆದರೆ ಮತ್ತೆ ಬಸ್ಸು ಹತ್ತಲಿಲ್ಲ. ರಾಜೀನಾಮೆಯ ಪತ್ರವನ್ನು ಆಟೋದವರ ಕೈಯಲ್ಲಿ ಕಳುಹಿಸಿದರು. ನಾಲ್ಕು ಸಾಲು. ಸ್ವೀಕರಿಸಲಾಗಿದೆ ಎಂದು ಬರೆದು ಸಹಿ ಹಾಕಿದೆ. ಮರುದಿನ ಸರಸ್ವತಿ ನಗರದ ಅವರ ಮನೆಯ ತನಕ ಹೋದೆ. ಒಳಗೆ ಕರೆದು ಮಾತನಾಡಿದರು, ಚಹಾ ಕೊಟ್ಟರು, ಕಾಲಿನ ಬಗ್ಗೆ ನಾನು ಕೇಳಿದಾಗ “ಆರಾಮೈತೆ” ಎಂದರು. ಕ್ಷಮೆ ಕೇಳಬೇಕೆಂದು ಸಿದ್ಧಪಡಿಸಿಕೊಂಡಿದ್ದ ಮಾತುಗಳನ್ನು ಹೇಳಿದೆ. “ಇರ್ಲಿ ಬಿಡ್ರಿ, ಚಹಾ ಆರ್ತೈತೆ,” ಎಂದರು. ಹೊರಡುವಾಗ ಬಾಗಿಲವರೆಗೆ ಬರಲಿಲ್ಲ. ಕೂತಲ್ಲಿಂದಲೇ ಕೈ ಮುಗಿದರು.

ಗೋದಾಮಿಗೆ ಹೊಸಬರು ಯಾರೂ ಸಿಗಲಿಲ್ಲ. ದಫ್ತರದ ಕೆಲಸವನ್ನು ಸಾವ್ಕಾರ್ರು ನನಗೇ ಒಪ್ಪಿಸಿದರು. ಸೋಮವಾರ, ಬುಧವಾರ, ಶುಕ್ರವಾರ. ಒಂಬತ್ತು ಗಂಟೆಗೆ ಹರಿಹರದ ಬಸ್ಸು ಹತ್ತುತ್ತೇನೆ, ಸಂಜೆ ಮರಳುತ್ತೇನೆ. ಬೋಲ್ಟು ನಟ್ಟು ಎಣಿಸಿ ಬರೆಯುತ್ತೇನೆ. ನನ್ನ ಕಾಲುಗಳು ಚೆನ್ನಾಗಿವೆ. ಒಂದು ದಿನವೂ ಅದು ನನಗೆ ಕಷ್ಟವೆನಿಸಿಲ್ಲ.